ರಸೀದಿ ಮೊದಲೋ, ಖಿರ್ದಿ ಮೊದಲೋ?

ಕೆಲವು ವರ್ಷಗಳ ಹಿಂದೆ ಹರಿಹರ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ಅಪ್ಪ ಸಾಲದ ಕಂತು ಕಟ್ಟಿದರು. ರಸೀದಿ ಪ್ರಿಂಟಾಗಿ ಕೈಗೆ ಬಂತು, ಬೆನ್ನಿಗೇ ಕರೆಂಟ್ ಹೋಯಿತು. ಮುಂದಿನ ತಿಂಗಳು ಹೋದರೆ ಕಂಪ್ಯೂಟರಿನಲ್ಲಿ ಆ ಹಣವೇ ಇಲ್ಲ! 'ಕರೆಂಟ್ ಹೋದಾಗ ಎಂಟ್ರಿ ಸೇವ್ ಆಗಿಲ್ಲ ನೋಡ್ರಿ' ಎಂದರು ಆಪರೇಟರ್. ರಸೀದಿ ಜೋಪಾನವಾಗಿತ್ತು, ಬಚಾವಾದೆವು.

ಬರೆಯದೆಯೇ 'ಆಯಿತು' ಎಂದು ಕಂಪ್ಯೂಟರ್ ಹೇಳುತ್ತದೆಯೇ? ದೇವರಾಜ ಅರಸು ಬಡಾವಣೆಯ ನನ್ನ ಬಾಡಿಗೆ ರೂಮಿನಲ್ಲಿ ಕೂತು ಹುಡುಕಿದೆ. ಹೌದು, ಹೇಳುತ್ತದೆ. ಅದಕ್ಕೊಂದು ಇತಿಹಾಸವೂ ಇದೆ.

ಅಂಗಡಿ ಗುಮಾಸ್ತರ ಹಳೆಯ ಕ್ರಮ ನೆನಪಿಸಿಕೊಳ್ಳಿ. ಹಣ ಬಂದ ಕೂಡಲೇ ಖಿರ್ದಿಯಲ್ಲಿ ಬರೆಯುವುದು, ಪುರುಸೊತ್ತಿನಲ್ಲಿ ಅವರವರ ಖಾತೆಗೆ ಏರಿಸುವುದು. ಖಾತೆಪುಸ್ತಕ ಹಾಳಾದರೂ ಖಿರ್ದಿ ನೋಡಿ ಮತ್ತೆ ಬರೆಯಬಹುದು. ಡೇಟಾಬೇಸ್‌ಗಳ 'ಲಾಗ್' ಎಂಬುದೂ ಇಂಥದೇ ಖಿರ್ದಿ.

ತೊಡಕಿರುವುದು ವೇಗದಲ್ಲಿ. ಕಂಪ್ಯೂಟರಿನ ಮೆಮೊರಿ ಬಲು ಚುರುಕು, ಆದರೆ ಕರೆಂಟ್ ಹೋದರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ. ಡಿಸ್ಕಿನಲ್ಲಿ ಬರೆದದ್ದು ಉಳಿಯುತ್ತದೆ, ಆದರೆ ಅದು ನಿಧಾನ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುತ್ತುವುದು 120 ಬಾರಿ. ಪ್ರತಿ ನಮೂದಿಗೂ ಒಂದು ಸುತ್ತು ಕಾದರೆ ಸೆಕೆಂಡಿಗೆ 120 ನಮೂದಷ್ಟೇ. ಕಾಯದಿದ್ದರೆ ಸಾವಿರಾರು. ಕಾಯಬೇಕೋ ಬೇಡವೋ ಎಂಬುದನ್ನು ತಯಾರಕರೇ ಮೊದಲು ಗೊತ್ತುಮಾಡಿ ಕೊಟ್ಟಿರುತ್ತಾರೆ. ಅದೇ ಡೀಫಾಲ್ಟ್. ಬಹಳಷ್ಟು ಕಡೆ ಅದನ್ನು ಯಾರೂ ಮುಟ್ಟುವುದಿಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ವರ್ಷಗಟ್ಟಲೆ ಡೀಫಾಲ್ಟ್ ಆಗಿದ್ದ ಮೈಐಸ್ಯಾಮ್‌ಗೆ ಇಂಥ ಖಿರ್ದಿಯೇ ಇರಲಿಲ್ಲ. ಮಧ್ಯದಲ್ಲಿ ಯಂತ್ರ ನಿಂತರೆ ಟೇಬಲ್ ರಿಪೇರಿ ಮಾಡಿ ಉಳಿದಷ್ಟನ್ನು ಹೆಕ್ಕಿಕೊಳ್ಳಬೇಕಿತ್ತು. 2010ರ ಡಿಸೆಂಬರಿನಲ್ಲಿ ಬಂದ 5.5ನೇ ಆವೃತ್ತಿ ಲಾಗ್ ಇರುವ ಇನ್ನೊಡಿಬಿಯನ್ನು ಡೀಫಾಲ್ಟ್ ಮಾಡಿತು. ಮೊಂಗೊಡಿಬಿಯಲ್ಲಿ ಇನ್ನೂ ಸೋಜಿಗ: ಬರೆಯಲು ಕಳಿಸಿದ ಪ್ರೋಗ್ರಾಂ ಸರ್ವರಿನ ಉತ್ತರಕ್ಕೂ ಕಾಯುತ್ತಿರಲಿಲ್ಲ. ಟೀಕೆಗಳ ಬಳಿಕ 2012ರ ನವೆಂಬರಿನಲ್ಲಿ ಅದು ಬದಲಾಯಿತು. ಪೋಸ್ಟ್‌ಗ್ರೆಸ್ ಮೊದಲಿನಿಂದ ಕಾಯುವ ಪಕ್ಷ. 2008ರಲ್ಲಿ ಅದು ಕಾಯದಿರುವ ಆಯ್ಕೆಯನ್ನೂ ಕೊಟ್ಟಿತು. ಅದನ್ನು ಆರಿಸಿದರೆ ಯಂತ್ರ ಹಠಾತ್ತನೆ ನಿಂತಾಗ ಕೊನೆಯ ಕೆಲವು ನಮೂದು ಹೋಗಬಹುದು, ಆದರೆ ಹಳೆಯ ಲೆಕ್ಕ ಕೆಡುವುದಿಲ್ಲ. ಡೀಫಾಲ್ಟ್ ಮಾತ್ರ ಕಾಯುವುದೇ.

ಹಾಗಂತ ಎಲ್ಲದಕ್ಕೂ ಕಾಯಬೇಕಿಲ್ಲ. ಸುದ್ದಿಯನ್ನು ಎಷ್ಟು ಜನ ಓದಿದರು ಎಂಬ ಎಣಿಕೆಯಲ್ಲಿ ಹತ್ತು ತಪ್ಪಿದರೆ ಏನೂ ಆಗದು. ಅಲ್ಲಿ ವೇಗವೇ ಇರಲಿ. ರೈತ ಕಟ್ಟಿದ ಕಂತು ಹಾಗಲ್ಲ. ಅಲ್ಲಿ ಉಳಿಯುವ ಅರೆಕ್ಷಣದಿಂದ ಸಂಘಕ್ಕೆ ಆಗುವ ಲಾಭ ಅಷ್ಟಕ್ಕಷ್ಟೇ. ನಮೂದು ಕಳೆದರೆ ಬಡ್ಡಿ ಕಟ್ಟುವವನು ರೈತ.

63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಇಂಥ ಸಂಘದ ಕಂಪ್ಯೂಟರ್ ಉದ್ಘಾಟನೆಗೆ ನಾವು ವರದಿಗೆ ಹೋಗುತ್ತೇವೆ, ಟೇಪು ಕತ್ತರಿಸುವ ಫೋಟೊ ತೆಗೆದು ಬರುತ್ತೇವೆ. ಮುಂದಿನ ಸಲ ಒಂದು ಪ್ರಶ್ನೆ ಕೇಳೋಣ: ರಸೀದಿ ಹೊರಬರುವ ಮೊದಲು ನಮೂದು ಡಿಸ್ಕಿಗೆ ಇಳಿದಿರುತ್ತದೆಯೇ?

ಅಪ್ಪ ಈಗಲೂ ರಸೀದಿಗಳನ್ನು ಟ್ರಂಕಿನಲ್ಲಿಡುತ್ತಾರೆ. ನಾನು ನಗುವುದನ್ನು ಬಿಟ್ಟಿದ್ದೇನೆ.