ಲೆಗೊ ಹಾಯಿಹಡಗು
ಆಟಿಕೆ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಹಾಯಿಹಡಗಿನ ಮಾದರಿ. ಡೆನ್ಮಾರ್ಕಿನ ಬಿಲ್ಲುಂಡ್‌ನ ಲೆಗೊ ಸಂಸ್ಥೆ ಈಗಿನ ರೂಪದ ಇಟ್ಟಿಗೆಯ ಪೇಟೆಂಟಿಗೆ 1958ರಲ್ಲಿ ಅರ್ಜಿ ಹಾಕಿತು. 1989ರಲ್ಲಿ ಬಂದ ಕಡಲ್ಗಳ್ಳರ ಸರಣಿಯ ‘ಬ್ಲ್ಯಾಕ್ ಸೀಸ್ ಬಾರಾಕುಡಾ’ ಬಟ್ಟೆಯ ಹಾಯಿಗಳಿದ್ದ ಹೆಸರಾಂತ ಹಡಗು. ಅದರ ಒಡಲು ಅಚ್ಚಿನಲ್ಲೇ ಬಾಗಿಸಿದ ದೊಡ್ಡ ತುಂಡುಗಳದು. ಕಟ್ಟುವವರ ಕೈಚಳಕಕ್ಕೆ ನಿಜವಾದ ಪರೀಕ್ಷೆ ಅಂಗೈಯಗಲದ ಹಡಗುಗಳಲ್ಲಿ.

ತೊಡಕಿರುವುದು ಒಡಲಿನ ಬಾಗಿನಲ್ಲಿ. ಇಟ್ಟಿಗೆಯ ಮೇಲಿನ ಅಕ್ಕಪಕ್ಕದ ಗುಬುಟುಗಳ ಕೇಂದ್ರಗಳ ನಡುವಿನ ಅಂತರ 8 ಮಿ.ಮೀ., ಇಟ್ಟಿಗೆಯ ಎತ್ತರ 9.6 ಮಿ.ಮೀ. ತೆಳು ಹಲಗೆ ಇದರ ಮೂರನೇ ಒಂದು ಪಾಲು, ಅಂದರೆ 3.2 ಮಿ.ಮೀ. ಐದು ಹಲಗೆ ಪೇರಿಸಿದರೆ 16 ಮಿ.ಮೀ. ಆಗುತ್ತದೆ, ಎರಡು ಗುಬುಟುಗಳ ಇಟ್ಟಿಗೆಯ ಅಗಲವೂ ಅಷ್ಟೇ. ಹೀಗಾಗಿ ಪಕ್ಕದಲ್ಲಿ ಗುಬುಟಿರುವ ಇಟ್ಟಿಗೆಗಳಿಗೆ ಹಲಗೆಗಳನ್ನು ಅಡ್ಡಲಾಗಿ ಹೊರಳಿಸಿ ಕೂರಿಸಿದರೂ ಸಂದು ಉಳಿಯದು. ಕಿರುಹಡಗಿನ ಜಾಣ್ಮೆಯೆಲ್ಲ ಬಹುಮಟ್ಟಿಗೆ ಈ ಲೆಕ್ಕದ್ದೇ. ಕೂವೆಮರಕ್ಕೆ ತೆಳುಕಡ್ಡಿ, ಹಾಯಿಗೆ ಬಾಗಿದ ಬಿಳಿ ತುಂಡು ಸಾಕು. ಹಗ್ಗಗಳನ್ನು ಬಿಟ್ಟುಬಿಡುವುದೇ ಮೇಲು. ಈ ಅಳತೆಯಲ್ಲಿ ಹೊಲಿಗೆ ದಾರವೂ ದಪ್ಪವಾಗಿ ಕಾಣುತ್ತದೆ.

ಇಂಥದೊಂದು ಕಿರುಹಡಗಿರುವ, 2018ರಲ್ಲಿ ಲೆಗೊ ಹೊರತಂದ, ಅಭಿಮಾನಿಯೊಬ್ಬರ ಕಲ್ಪನೆಯಿಂದ ಹುಟ್ಟಿದ ‘ಶಿಪ್ ಇನ್ ಎ ಬಾಟಲ್’ 962 ತುಂಡುಗಳದು. ಹಡಗಿನ ಹೆಸರು ಲೆವಯಾಥನ್. ಬಾಟಲಿಯನ್ನೂ ಪಾರದರ್ಶಕ ತುಂಡುಗಳಿಂದಲೇ ಕಟ್ಟಬೇಕು. ಒಳಗಿನ ಕಡಲಿಗೆ ನೀಲಿ ಛಾಯೆಯ ಪುಟ್ಟ ದುಂಡು ಬಿಲ್ಲೆಗಳನ್ನು ಜೋಡಿಸದೆ ಸುಮ್ಮನೆ ಸುರಿಯುತ್ತಾರೆ.