ಶ್ನೇಬರ್ಗ್‌ನ ಗಡ್ಡೆಗಳು: ಸಣ್ಣಕೋಶದ ಶ್ವಾಸಕೋಶ ಕ್ಯಾನ್ಸರಿನ ಹಳಮೆಯನ್ನು ಕುರಿತು

ಸಣ್ಣಕೋಶದ ಶ್ವಾಸಕೋಶ ಕ್ಯಾನ್ಸರ್ ಸಿಗರೇಟು ಯುಗದ ಕೂಸು, ಹತ್ತೊಂಬತ್ತನೆಯ ಶತಮಾನದ ಶವಪರೀಕ್ಷೆಗಳಲ್ಲಿ ಅದರ ಸುಳಿವೇ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇಂದು ಶ್ವಾಸಕೋಶ ಕ್ಯಾನ್ಸರುಗಳಲ್ಲಿ ಇದರ ಪಾಲು ಸುಮಾರು ಶೇ. 10–15, ಧೂಮಪಾನ ಮಾಡದವರಲ್ಲಿ ತೀರ ಅಪರೂಪ. ಹಾಗಾಗಿ ಮಾತು ಮೇಲುನೋಟಕ್ಕೆ ಒಪ್ಪಿಗೆಯಾಗುತ್ತದೆ. ಹಾಗೆನ್ನುವವರು 1879ರ ಒಂದು ವರದಿಯನ್ನು ಮಾತ್ರ ಸರಿಯಾಗಿ ಓದಿಲ್ಲ.

ಆ ವರ್ಷ ಹ್ಯಾರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು ಸ್ಯಾಕ್ಸನಿಯ ಶ್ನೇಬರ್ಗ್ ಗಣಿಗಳ ಕಾರ್ಮಿಕರಲ್ಲಿ ಸುಮಾರು ಮುಕ್ಕಾಲು ಪಾಲು ಸಾವಿಗೆ ಶ್ವಾಸಕೋಶದ ಗಡ್ಡೆಯೇ ಕಾರಣವೆಂದು ತೋರಿಸಿದರು. ಸಿಗರೇಟನ್ನು ರಾಶಿಗಟ್ಟಲೆ ತಯಾರಿಸಿದ ಬಾನ್ಸಾಕ್‌ನ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದು ಅದಾದ ಮೇಲೆ, 1881ರಲ್ಲಿ. ಆದರೆ ಆ ವೈದ್ಯರ ರೋಗನಿರ್ಣಯ ಲಿಂಫೋಸಾರ್ಕೋಮಾ, ಅಂದರೆ ಶ್ವಾಸನಾಳದ್ದಲ್ಲ, ದುಗ್ಧ ಅಂಗಾಂಶದ ಗಡ್ಡೆ. ಅಷ್ಟಕ್ಕೇ ಪ್ರಕರಣ ಮುಗಿಯಿತೆಂದು ಪ್ರತಿವಾದಿಗಳು ಕಡತ ಮುಚ್ಚುತ್ತಾರೆ.

ಆದರೆ ಈ ಎರಡನ್ನು ಅದಲುಬದಲು ಮಾಡುವುದು ಸುಲಭ. ಸಣ್ಣಕೋಶದ ಗಡ್ಡೆ ಹೆಚ್ಚಾಗಿ ಶ್ವಾಸಕೋಶದ ಬುಡದಲ್ಲಿ, ದೊಡ್ಡ ಶ್ವಾಸನಾಳದ ಗೋಡೆಯಲ್ಲಿ ಹುಟ್ಟಿ, ಪಕ್ಕದ ದುಗ್ಧಗ್ರಂಥಿಗಳನ್ನು ಬೇಗ ನುಂಗುತ್ತದೆ. ಎದೆ ಸೀಳಿದವನಿಗೆ ಮೊದಲು ಕಾಣುವುದು ಒಂದಕ್ಕೊಂದು ಬೆಸೆದ ಗ್ರಂಥಿಗಳ ರಾಶಿ. ಮೂಲದ ಗಂಟು ಅದರೊಳಗೆ ಹುದುಗಿರುತ್ತದೆ. ಸೂಕ್ಷ್ಮದರ್ಶಕದಡಿ ಪುಟ್ಟ ಕೋಶಗಳು, ಕಪ್ಪಗಿನ ಕೋಶಕೇಂದ್ರ, ಇದೆಯೋ ಇಲ್ಲವೋ ಎಂಬಷ್ಟು ಕೋಶದ್ರವ: ಲಿಂಫೋಸೈಟ್ ಎಂದುಕೊಳ್ಳಲು ಬೇರೇನು ಬೇಕು? ಇಂಥ ಗಡ್ಡೆಗಳನ್ನು ಎದೆಯ ನಡುಭಾಗದ ಸಾರ್ಕೋಮಾ ಎನ್ನುವ ರೂಢಿಯನ್ನು ಮುರಿದವನು ರೋಗಶಾಸ್ತ್ರಜ್ಞ ಬಾರ್ನಾರ್ಡ್. ಅವು ಶ್ವಾಸನಾಳದ ಕಾರ್ಸಿನೋಮಾಗಳೆಂದು ಅವನು 1926ರಲ್ಲಿ ತೋರಿಸಿಕೊಟ್ಟ. ಅದೇ ವರ್ಷ ರೊಸ್ಟೊಸ್ಕಿ, ಸೌಪೆ, ಶ್ಮೋರ್ಲ್ ಎಂಬ ವೈದ್ಯರು ಶ್ನೇಬರ್ಗ್ ಗಣಿಗಾರರ ರೋಗವೂ ಶ್ವಾಸನಾಳದ ಕಾರ್ಸಿನೋಮಾ ಎಂದು ವರದಿ ಮಾಡಿದರು.

ಹಾಗೆಂದು 1879ರ ಗಡ್ಡೆಗಳನ್ನೆಲ್ಲ ಸಣ್ಣಕೋಶದ ಲೆಕ್ಕಕ್ಕೆ ಬರೆಯಲಾಗದು (ನಮ್ಮ ಪಕ್ಷದ ಕೆಲವು ಉತ್ಸಾಹಿಗಳು ಅದನ್ನೇ ಮಾಡುತ್ತಾರೆ, ಅದು ಎದುರಾಳಿಗೆ ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ). ಗಣಿಯವರಲ್ಲಿ ಸ್ಕ್ವಾಮಸ್ (ಚಪ್ಪಟೆಕೋಶದ) ಬಗೆಯೂ ಇತ್ತು. ಆದರೆ ರೇಡಾನ್ ಅನಿಲವನ್ನು ಉಸಿರಾಡಿದ ಕೊಲರಾಡೊ ಪ್ರಸ್ಥಭೂಮಿಯ ಯುರೇನಿಯಂ ಗಣಿಗಾರರಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸಣ್ಣಕೋಶದ ಬಗೆಯೇ ಎದ್ದು ಕಂಡಿತು. ಅದೇ ಅನಿಲದ ನಡುವೆ ದುಡಿದ ಶ್ನೇಬರ್ಗ್‌ನಲ್ಲಿ ಅದು ಸೊನ್ನೆಯಾಗಿತ್ತು ಎನ್ನುವವರೇ ಪುರಾವೆ ಒದಗಿಸಬೇಕು.

ವೈದ್ಯ ಐಸಾಕ್ ಅಡ್ಲರ್ 1912ರಲ್ಲಿ ವೈದ್ಯಕೀಯ ಸಾಹಿತ್ಯವನ್ನೆಲ್ಲ ಜಾಲಾಡಿ ಶ್ವಾಸಕೋಶ ಕಾರ್ಸಿನೋಮಾದ 374 ಪ್ರಕರಣಗಳನ್ನು ಕಲೆಹಾಕಿದ. ಈ ರೋಗ ಅಪರೂಪವಾಗಿತ್ತು ಎನ್ನಲು ಎಲ್ಲರೂ ಅದನ್ನೇ ಉಲ್ಲೇಖಿಸುತ್ತಾರೆ. ಒಟ್ಟಾರೆ ಅಪರೂಪವಾಗಿತ್ತೆಂಬುದು ನನಗೂ ಒಪ್ಪಿಗೆ. ಆದರೆ ಬಗೆಬಗೆಯ ಪ್ರಮಾಣವನ್ನು ಆ ಸಂಖ್ಯೆಯಿಂದ ಹಿಂಡಲಾಗದು, ಏಕೆಂದರೆ ಸಾರ್ಕೋಮಾ ಎಂದು ದಾಖಲಾದ ಗಡ್ಡೆ ಕಾರ್ಸಿನೋಮಾದ ಪಟ್ಟಿಗೆ ಬರುವುದೇ ಇಲ್ಲ. 1926ಕ್ಕೆ ಹಿಂದಿನ ಯಾವ ಜನಸಮುದಾಯವನ್ನು ಇಂದಿನದರೊಡನೆ ಹೋಲಿಸುವುದಿದ್ದರೂ ಮೊದಲು ಆ ಸಾರ್ಕೋಮಾಗಳನ್ನು ಎಣಿಸಬೇಕು. ಉಳಿದಿರುವ ಸ್ಲೈಡುಗಳನ್ನು ಮತ್ತೆ ನೋಡಬೇಕು.