ಅಂಕಿತದಿಂದ ಅಡಿಟಿಪ್ಪಣಿಗೆ: ವಿಶ್ವಕೋಶದಲ್ಲಿ ಆಕರೋಲ್ಲೇಖದ ಅಭ್ಯಾಸ

ವಚನ ವಾಙ್ಮಯದಲ್ಲಿ ಕರ್ತೃವಿನ ಗುರುತು ಕೃತಿಯ ಒಳಗೇ ಇರುತ್ತದೆ. ಕೊನೆಯಲ್ಲಿ ಬರುವ ಅಂಕಿತವನ್ನು ಕಂಡೊಡನೆ ಇದು ಬಸವಣ್ಣನವರದು, ಇದು ಪ್ರಭುದೇವರದು, ಇದು ಅಕ್ಕಮಹಾದೇವಿಯದು ಎಂದು ಓದುಗನು ಹೇಳಬಲ್ಲನು. ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಶತಮಾನಗಳನ್ನು ದಾಟಿ ಬಂದ ಈ ಸಾಹಿತ್ಯದಲ್ಲಿ ಕರ್ತೃಗಳ ಹೆಸರು ಬಹುಮಟ್ಟಿಗೆ ಉಳಿದಿರುವುದಕ್ಕೆ ಅಂಕಿತವೇ ಮುಖ್ಯ ಕಾರಣ. ಆದರೆ ಅಂಕಿತವು ಮಾತು ಯಾರದೆಂಬುದನ್ನು ಹೇಳುತ್ತದೆಯೇ ಹೊರತು ಯಾವ ಪ್ರತಿಯಿಂದ, ಯಾರ ಕೈಯಿಂದ, ಯಾವ ಪಾಠದಲ್ಲಿ ಬಂದಿತೆಂಬುದನ್ನು ಹೇಳುವುದಿಲ್ಲ. ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ಆಕರೋಲ್ಲೇಖದ ಕೆಲಸ. ಅಂತರ್ಜಾಲದಲ್ಲಿ ಹಲವರು ಕೂಡಿ ಬರೆಯುತ್ತಿರುವ ವಿಕಿಪೀಡಿಯವೆಂಬ ವಿಶ್ವಕೋಶದಲ್ಲಿ ಇಂದು ಶರಣರ ವಿಷಯವಾಗಿ ಏನಾದರೂ ಬರೆಯಹೊರಟವನು ಮೊದಲು ಕಲಿಯಬೇಕಾದ ವಿದ್ಯೆಯೂ ಇದೇ ಆಗಿದೆ.

ತುಮಕೂರು ಸೀಮೆಗೆ ಈ ವಿದ್ಯೆ ಹೊಸತಲ್ಲ. ಚದುರಿಹೋದ ವಚನಗಳನ್ನು ಕೂಡಿಸಿ, ಸ್ಥಲಗಳನ್ನು ಕಟ್ಟಿ, ಕ್ರಮಕ್ಕೆ ತಂದ ಮಹನೀಯರಲ್ಲಿ ಹಲವರು ಈ ನೆಲಕ್ಕೆ ಸೇರಿದವರು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ನೆಲೆಗೊಂಡ ತೋಂಟದ ಸಿದ್ಧಲಿಂಗ ಯತಿಗಳು ಷಟ್‌ಸ್ಥಲ ಜ್ಞಾನಸಾರಾಮೃತದ 701 ವಚನಗಳನ್ನು ರಚಿಸಿದುದಲ್ಲದೆ, ವಚನಗಳನ್ನು ಅರಸಿ ಸಂಕಲಿಸುವ ದೊಡ್ಡ ಶಿಷ್ಯಪರಂಪರೆಗೆ ಮೂಲರಾದರು. ಗುಬ್ಬಿಯ ಮಲ್ಲಣ್ಣನವರು ಗಣಭಾಷಿತ ರತ್ನಮಾಲೆಯನ್ನು ಸಂಕಲಿಸಿದರು. ತುಮಕೂರಿನ ಬಳಿಯ ಗೂಳೂರಿನ ಹೆಸರನ್ನು ಹೊತ್ತ ಸಿದ್ಧವೀರಣ್ಣೊಡೆಯರು ನಾಲ್ಕು ಶೂನ್ಯಸಂಪಾದನೆಗಳಲ್ಲಿ ಕೊನೆಯದನ್ನು ಸಿದ್ಧಗೊಳಿಸಿದರು. ನಾಲ್ಕೂ ಒಂದೇ ವಸ್ತುವಿನವಾದರೂ ಸಿದ್ಧರಾಮೇಶ್ವರರ ದೀಕ್ಷಾಪ್ರಸಂಗದಂತಹ ಕಡೆಗಳಲ್ಲಿ ಒಂದರಂತೆ ಒಂದಿಲ್ಲ. ಆದುದರಿಂದ ‘ಶೂನ್ಯಸಂಪಾದನೆಯಲ್ಲಿ ಹೀಗಿದೆ’ ಎಂದಷ್ಟೇ ಬರೆದರೆ ಅದು ಉಲ್ಲೇಖವಾಗದು. ಯಾರ ಶೂನ್ಯಸಂಪಾದನೆ, ಯಾವ ಮುದ್ರಣ ಎಂಬುದನ್ನೂ ಹೇಳತಕ್ಕದ್ದು. ವಿಶ್ವಕೋಶದ ಪುಟದ ಮೇಲೆ ‘ಸಂಪಾದಿಸಿ’ ಎಂಬ ಗುಂಡಿಯೊಂದಿದೆ. ಪ್ರಭುದೇವರ ಸಂಪಾದನೆಗೂ ಈ ಸಂಪಾದನೆಗೂ ಅರ್ಥದಲ್ಲಿ ಅಜಗಜಾಂತರವಿದ್ದರೂ, ಆ ಶಬ್ದವನ್ನು ಈ ಸೀಮೆಯ ಓದುಗನು ಸ್ವಲ್ಪ ಭಯಭಕ್ತಿಯಿಂದ ಒತ್ತಿದರೆ ತಪ್ಪೇನೂ ಇಲ್ಲ.

ಮುದ್ರಣಯುಗದಲ್ಲಿ ಫ. ಗು. ಹಳಕಟ್ಟಿಯವರು ಊರೂರು ಅಲೆದು ಕಟ್ಟುಗಳನ್ನು ಕಲೆಹಾಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. 20,000ಕ್ಕೂ ಹೆಚ್ಚಿನ ಆ ವಚನಗಳು ಈಗ ಅಂತರ್ಜಾಲದಲ್ಲಿಯೂ ದೊರೆಯುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂದಿತು. ಅದರಲ್ಲಿ ಲೇಖನ ಬರೆದವರು ಆಯಾ ವಿಷಯದ ವಿದ್ವಾಂಸರು. ಅವರ ಪಾಂಡಿತ್ಯವೇ ಲೇಖನಕ್ಕೆ ಪ್ರಮಾಣ.

2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾಗಿ 2003ರಲ್ಲಿ ಕನ್ನಡಕ್ಕೂ ಬಂದ ವಿಕಿಪೀಡಿಯದಲ್ಲಿ ಅಂತಹ ಪ್ರಮಾಣಕ್ಕೆ ಅವಕಾಶವಿಲ್ಲ. ಅಲ್ಲಿ ಬರೆಯುವವನು ಪಂಡಿತನೋ ಪಾಮರನೋ ತಿಳಿಯದು. ಬರೆದವನ ಮಾತಿಗಿಂತ ಅವನು ತೋರಿಸಿದ ಆಕರವೇ ದೊಡ್ಡದು. ಈ ನಿಯಮ ಬಿಗಿಯಾದುದಕ್ಕೆ ಒಂದು ಕಹಿ ಪ್ರಸಂಗವೂ ಕಾರಣ. 2005ರ ಮೇ ತಿಂಗಳಿನಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಮೇಲೆ ಕೊಲೆಯ ಸಂಚಿನ ಆರೋಪವನ್ನು ಹೊರಿಸಿದ ಸುಳ್ಳು ಬರೆಹವೊಂದು ಆ ಕೋಶವನ್ನು ಸೇರಿ ತಿಂಗಳುಗಟ್ಟಲೆ ಅಲ್ಲಿಯೇ ಉಳಿಯಿತು. ವಾಕ್ಯದ ಬದಿಯಲ್ಲಿಯೇ ಅಡಿಟಿಪ್ಪಣಿಯನ್ನು ಸೇರಿಸುವ ಇಂದಿನ ವ್ಯವಸ್ಥೆ ಬಳಕೆಗೆ ಬಂದುದೂ ಆ ವರ್ಷದ ಕೊನೆಯಲ್ಲಿಯೇ.

ಅದನ್ನು ಕಲಿಯುವ ಬಗೆ ಕಠಿನವಲ್ಲ. ಸದಸ್ಯನಾಗಿ ಸೇರಿದವನಿಗೆ ‘ಪ್ರಯೋಗಪುಟ’ವೊಂದು ದೊರೆಯುತ್ತದೆ, ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿದಂತೆ ಅಲ್ಲಿ ಬರೆದು ಅಳಿಸಬಹುದು. ಸಂದೇಹ ಬಂದರೆ ಕೇಳುವುದಕ್ಕೆ ‘ಅರಳಿಕಟ್ಟೆ’ ಎಂಬ ಪುಟವುಂಟು. ಪ್ರಮಾಣ ಬೇಕಾದ ವಾಕ್ಯದ ಕೊನೆಯಲ್ಲಿ ರೆಫ್ ಎಂಬ ಚಿಹ್ನೆಗಳ ಜೋಡಿಯನ್ನಿಟ್ಟು, ಅವುಗಳ ನಡುವೆ ಗ್ರಂಥಕರ್ತ, ಗ್ರಂಥ, ಸಂಪಾದಕ, ಪ್ರಕಾಶಕರು, ಸ್ಥಳ, ವರ್ಷ, ಮುದ್ರಣ, ಪುಟಸಂಖ್ಯೆ ಇವನ್ನು ತುಂಬಿದರೆ, ಮೇಲೆ ಚಿಕ್ಕ ಅಂಕಿಯೊಂದು ಮೂಡಿ ವಿವರವೆಲ್ಲ ‘ಉಲ್ಲೇಖಗಳು’ ಎಂಬ ಶೀರ್ಷಿಕೆಯ ಕೆಳಗೆ ಸೇರುತ್ತದೆ. ಒಂದೇ ಗ್ರಂಥವನ್ನು ಹತ್ತು ಕಡೆ ಬಳಸುವುದಾದರೆ ಅದಕ್ಕೊಂದು ಹೆಸರು ಕೊಟ್ಟು ಮುಂದೆ ಆ ಹೆಸರನ್ನಷ್ಟೇ ಬರೆದರಾಯಿತು. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಯಾವ ಆಕರ ಯಾವ ವಾಕ್ಯವನ್ನು ಹೊರಬಲ್ಲದು ಎಂಬ ವಿವೇಕವು ಮಾತ್ರ ಒಂದು ಮಧ್ಯಾಹ್ನದಲ್ಲಿ ಬರುವುದಿಲ್ಲ.

ಕಾಯಕವನ್ನೇ ಕೈಲಾಸವೆನ್ನುವ ಪ್ರಸಿದ್ಧ ಮಾತನ್ನೇ ತೆಗೆದುಕೊಳ್ಳಬಹುದು. ಗೋಡೆಗಳ ಮೇಲೆ, ಕಚೇರಿಗಳ ಫಲಕಗಳ ಮೇಲೆ, ಭಾಷಣಗಳಲ್ಲಿ ಅದು ಬಸವಣ್ಣನವರ ಹೆಸರಿನಲ್ಲಿಯೇ ನಡೆಯುತ್ತದೆ. ಗ್ರಂಥವನ್ನು ತೆರೆದರೆ ಆ ಮಾತಿರುವುದು ಅಮರೇಶ್ವರಲಿಂಗವೆಂಬ ಅಂಕಿತದ, ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಭಾಷಣವನ್ನು ವರದಿಮಾಡಿದ ಪತ್ರಿಕೆಯನ್ನು ಉಲ್ಲೇಖಿಸಿದರೆ ತಪ್ಪು ಹೇಳಿಕೆಗೂ ಒಂದು ಅಂಕಿ ದೊರೆತು, ನೋಡುವವರಿಗೆ ಅದು ಸಪ್ರಮಾಣವಾಗಿಯೇ ಕಾಣುತ್ತದೆ. ಮುಂದೆ ಮತ್ತೊಂದು ಪತ್ರಿಕೆ ವಿಶ್ವಕೋಶವನ್ನು ನಂಬಿ ಬರೆಯುತ್ತದೆ. ಆ ಪತ್ರಿಕೆಯೇ ವಿಶ್ವಕೋಶಕ್ಕೆ ಹೊಸ ಆಕರವಾಗುತ್ತದೆ. ಹೀಗೆ ತಪ್ಪು ತನಗೆ ತಾನೇ ಸಾಕ್ಷಿ ನುಡಿಯುತ್ತದೆ. ಸಂಕೀರ್ಣ ವಚನ ಸಂಪುಟವನ್ನು ತೆರೆದು ವಚನಸಂಖ್ಯೆಯನ್ನು ಬರೆದ ವಿದ್ಯಾರ್ಥಿಯೊಬ್ಬನಿದ್ದರೆ ಈ ಚಕ್ರ ಅಲ್ಲಿಗೇ ನಿಲ್ಲುತ್ತದೆ. ಬಡ ಆಯ್ದಕ್ಕಿ ದಂಪತಿಗಳ ಮಾತು ಅವರಿಗೇ ಸಲ್ಲುತ್ತದೆ.

ಸಂಖ್ಯೆಯ ವಿಷಯದಲ್ಲಿಯೂ ಎಚ್ಚರ ಬೇಕು. ಬಸವನಾಳರ ಸಂಪಾದನೆಯಲ್ಲಿ ಬಸವಣ್ಣನವರ ವಚನಗಳಿಗಿರುವ ಸಂಖ್ಯೆ ಬೇರೆ, ಸಮಗ್ರ ಸಂಪುಟದಲ್ಲಿರುವುದು ಬೇರೆ. ಶಾಸನಗಳದೂ ಇದೇ ಕಥೆ. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟ, ಅಂದರೆ 1904ರ ತುಮಕೂರು ಜಿಲ್ಲೆಯ ಸಂಪುಟ, ಗುಬ್ಬಿ, ಕುಣಿಗಲ್ ಎಂದು ತಾಲ್ಲೂಕುವಾರಾಗಿ ಸಂಖ್ಯೆ ಕೊಡುತ್ತದೆ. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಮಾಲೆಯಲ್ಲಿ ಸಂಪುಟಗಳ ಕ್ರಮವೇ ಬೇರೆ. ಮುದ್ರಣದ ವರ್ಷವಿಲ್ಲದ ಶಾಸನಸಂಖ್ಯೆ ಓದುಗನನ್ನು ಬೇರಾವುದೋ ಕಲ್ಲಿನ ಮುಂದೆ ನಿಲ್ಲಿಸಬಹುದು. ವ್ಯಕ್ತಿಗಳ ವಿಷಯದಲ್ಲಿ ಗುಬ್ಬಿಯೇ ಒಳ್ಳೆಯ ಪರೀಕ್ಷೆ: ಗಣಭಾಷಿತ ರತ್ನಮಾಲೆಯ ಮಲ್ಲಣ್ಣ ಬೇರೆ, 1513ರಲ್ಲಿ ಭಾವಚಿಂತಾರತ್ನವನ್ನೂ 1530ರಲ್ಲಿ ವೀರಶೈವಾಮೃತ ಪುರಾಣವನ್ನೂ ರಚಿಸಿದ ಮಲ್ಲಣಾರ್ಯ ಬೇರೆ. ಹೆಸರಿನ ಸಾಮ್ಯಕ್ಕೆ ಮರುಳಾಗಿ ಇಬ್ಬರನ್ನೂ ಒಂದೇ ಪುಟದಲ್ಲಿ ಸೇರಿಸಿದರೆ ಅಡಿಟಿಪ್ಪಣಿ ಎಷ್ಟಿದ್ದರೂ ನಿಷ್ಪ್ರಯೋಜಕ.

ಭಕ್ತರಿಗೆ ಸ್ವಲ್ಪ ನೋವಾಗುವ ಮಾತೊಂದನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಎಡೆಯೂರಿನ ಯತಿಗಳ ಪವಾಡಗಳನ್ನು ಪುರಾಣಗಳು ವರ್ಣಿಸುತ್ತವೆ. ‘ಹೀಗೆ ನಡೆಯಿತು’ ಎಂದು ಬರೆದರೆ ವಿಶ್ವಕೋಶ ಒಪ್ಪುವುದಿಲ್ಲ. ‘ಹೀಗೆಂದು ಇಂತಹ ಪುರಾಣ ಹೇಳುತ್ತದೆ’ ಎಂದು ಪುಟಸಹಿತ ಬರೆದರೆ ಒಪ್ಪುತ್ತದೆ. ಇದರಲ್ಲಿ ಶ್ರದ್ಧೆಗೆ ಕುಂದೇನೂ ಬಾರದು. ಪುರಾಣಕರ್ತನಿಗೆ ಅವನ ಮಾತಿನ ಹೊಣೆಯನ್ನು ಒಪ್ಪಿಸಿದಂತಾಯಿತು, ಅಷ್ಟೆ. ಮಠವೊಂದು ತನ್ನ ವಿಷಯವಾಗಿ ತಾನೇ ಪ್ರಕಟಿಸಿದ ಪುಸ್ತಕವನ್ನೂ ಆ ಕೋಶ ಸ್ವತಂತ್ರ ಸಾಕ್ಷಿಯಾಗಿ ಎಣಿಸುವುದಿಲ್ಲ. ತಿಥಿ, ಪರಂಪರೆ ಮೊದಲಾದ ಸಾಮಾನ್ಯ ವಿವರಗಳಿಗೆ ಮಾತ್ರ ಸ್ವೀಕರಿಸುತ್ತದೆ. ಇನ್ನೊಂದು ಕೊರತೆ ಪ್ರಕಾಶಕರದೇ. ಜಾತ್ರೆ, ಪಟ್ಟಾಧಿಕಾರಗಳ ಸ್ಮರಣ ಸಂಚಿಕೆಗಳಲ್ಲಿ ಹಿರಿಯರು ಬರೆದ ಅಮೂಲ್ಯ ಲೇಖನಗಳಿರುತ್ತವೆ. ಅವುಗಳಲ್ಲಿ ಎಷ್ಟೋ ಸಂಚಿಕೆಗಳಿಗೆ ಮುದ್ರಣದ ವರ್ಷವಿಲ್ಲ, ಪುಟಸಂಖ್ಯೆಯಿಲ್ಲ, ಸಂಪಾದಕರ ಹೆಸರೂ ಇಲ್ಲ. ಅವುಗಳಲ್ಲಿರುವ ಸತ್ಯವನ್ನು ಉಲ್ಲೇಖಿಸುವುದೆಂತು?

ಹಳೆಯ ಪುಸ್ತಕಗಳ ಮಟ್ಟಿಗೆ ಮಾತ್ರ ಈಗ ಸೌಕರ್ಯ ಹೆಚ್ಚಿದೆ. ಭಾರತದ ಡಿಜಿಟಲ್ ಗ್ರಂಥಾಲಯಕ್ಕಾಗಿ ಛಾಯಾಪ್ರತಿ ತೆಗೆದ ಕನ್ನಡ ಗ್ರಂಥಗಳಲ್ಲಿ ಬಹಳಷ್ಟು ಇಂಟರ್‌ನೆಟ್ ಆರ್ಕೈವಿನಲ್ಲಿ ದೊರೆಯುತ್ತವೆ. ಕುಣಿಗಲ್ಲಿನ ವಿದ್ಯಾರ್ಥಿಯು ಮನೆಯಲ್ಲಿ ಕುಳಿತೇ ಮುಖಪುಟವನ್ನೂ ಪುಟಸಂಖ್ಯೆಯನ್ನೂ ಕಣ್ಣಾರೆ ಕಂಡು ಉಲ್ಲೇಖವನ್ನು ತಿದ್ದಬಹುದು. ತಿದ್ದಿದುದು ಯಾವ ದಿನ, ಯಾವ ಹೆಸರಿನಿಂದ, ಮೊದಲು ಏನಿತ್ತು, ಈಗ ಏನಾಯಿತು ಎಂಬುದೆಲ್ಲ ಪುಟದ ‘ಇತಿಹಾಸ’ದಲ್ಲಿ ದಾಖಲಾಗಿರುತ್ತದೆ. ಗೂಳೂರಿನ ಸಂಪಾದಕರು ಹಿಂದಿನವರ ಪಾಠವನ್ನು ಎಲ್ಲೆಲ್ಲಿ ಬದಲಿಸಿದರೆಂಬುದನ್ನು ಅರಿಯಲು ವಿದ್ವಾಂಸರು ನಾಲ್ಕು ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಬೇಕಾಗಿದೆ. ಇಲ್ಲಿ ಎರಡು ದಿನಾಂಕಗಳನ್ನು ಆರಿಸಿ ಒತ್ತಿದರೆ ವ್ಯತ್ಯಾಸವು ಬಣ್ಣದಲ್ಲಿ ಗುರುತಾಗಿ ಎದುರು ನಿಲ್ಲುತ್ತದೆ.